ಮಳೆ ನೋಡಿ ಹೊರಡಿ: ಕ್ಯಾಲಿಫೋರ್ನಿಯಾದ ಮರುಭೂಮಿಗೆ ಹೂವಿನ ಪ್ರವಾಸ

ನಾನು ಮೊದಲ ಸಲ ದಕ್ಷಿಣ ಕ್ಯಾಲಿಫೋರ್ನಿಯಾದ ಬೊರೇಗೊ ಮರುಭೂಮಿಗೆ ಹೂ ನೋಡಲು ಹೋದಾಗ ಸಿಕ್ಕಿದ್ದು ಪಂಜರಗಳು. ಯಾರೋ ಕಳಿಸಿದ ಫೋಟೊದಲ್ಲಿ ಗುಡ್ಡದ ಬುಡದವರೆಗೂ ಹಳದಿ, ನೇರಳೆ ಹೂ ಹಾಸಿತ್ತು. ನನಗೆ ರಜೆ ಸಿಕ್ಕಿದ್ದು ಏಪ್ರಿಲ್ ಎರಡನೇ ವಾರ. ಹೋಗಿ ನೋಡಿದರೆ ಬರೀ ಮರಳು. ಅದರ ಮೇಲೆ ಅಲ್ಲಲ್ಲಿ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಣ ಪಂಜರಗಳು ಬಿದ್ದಿದ್ದವು. ಬುಟ್ಟಿ ಹೆಣೆಯುತ್ತಿದ್ದವರು ಯಾರೋ ಅರ್ಧಕ್ಕೇ ಎದ್ದು ಹೋದ ಹಾಗೆ. ಆಮೇಲೆ ಗೊತ್ತಾಯಿತು, ಅವು ಈವ್ನಿಂಗ್ ಪ್ರಿಮ್‌ರೋಸ್ ಅನ್ನುವ ಬಿಳಿ ಹೂವಿನ ಗಿಡಗಳು. ಒಣಗಿದ ಮೇಲೆ ಅವುಗಳ ಕಡ್ಡಿಗಳು ಮೇಲಕ್ಕೆ ಬಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಲ್ಲಿಯವರು ಅದನ್ನು ಹಕ್ಕಿ ಪಂಜರ ಅಂತಲೇ ಕರೆಯುತ್ತಾರೆ.

ಅಂದರೆ ಹೂ ಬಂದಿತ್ತು, ಹೋಗಿಯೂ ಆಗಿತ್ತು. ನಾನು ರಜೆ ನೋಡಿ ದಿನ ಆರಿಸಿದ್ದೆ. ಇಲ್ಲಿ ಮಳೆ ನೋಡಿ ದಿನ ಆರಿಸಬೇಕು. ಆಮೇಲೆ ಹಲವು ಸಲ ಹೋಗಿ, ಕೆಲವು ಸಲ ಪೆದ್ದನಾಗಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಅಕ್ಟೋಬರ್‌ನಿಂದಲೇ ಮಳೆಯ ಮೇಲೆ ಕಣ್ಣಿಡಿ

ಮರುಭೂಮಿಯ ಹೂಗಳಲ್ಲಿ ಎರಡು ಪಂಗಡ. ಒಂದು, ವರ್ಷಗಟ್ಟಲೆ ಬದುಕುವ ಪೊದೆಗಳು ಮತ್ತು ಕಳ್ಳಿಗಳು. ಇನ್ನೊಂದು, ಕೆಲವೇ ವಾರ ಬದುಕುವ ಸಣ್ಣ ಗಿಡಗಳು. ಫೋಟೊಗಳಲ್ಲಿ ಕಾಣುವ ಹೂವಿನ ಹಾಸು ಈ ಎರಡನೆಯವರದ್ದು.

ಈ ಸಣ್ಣ ಗಿಡಗಳ ಬೀಜ ವರ್ಷಾನುಗಟ್ಟಲೆ ಮರಳಲ್ಲಿ ಸುಮ್ನೆ ಮಲಗಿರುತ್ತದೆ. ಅನೇಕ ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕ ಇರುತ್ತದೆ. ನಾಲ್ಕು ಹನಿ ಬಿದ್ದರೆ ಅದು ತೊಳೆದು ಹೋಗುವುದಿಲ್ಲ. ಅರ್ಧ ಇಂಚು, ಒಂದು ಇಂಚು ಮಳೆ ಒಟ್ಟಿಗೆ ಬಂದು ಮಣ್ಣು ಚೆನ್ನಾಗಿ ನೆನೆದರೆ ಮಾತ್ರ ಹೋಗುತ್ತದೆ. ಗಿಡದ ಲೆಕ್ಕ ಸರಿಯಾಗಿಯೇ ಇದೆ. ಅಷ್ಟು ಮಳೆ ಬಂದರೆ ಮಣ್ಣಲ್ಲಿ ಹಸಿ ಉಳಿಯುತ್ತದೆ, ಮೊಳೆತು ಹೂ ಬಿಟ್ಟು ಬೀಜ ಮಾಡುವಷ್ಟು ದಿನ ಸಿಗುತ್ತದೆ. ಇಲ್ಲವಾದರೆ ಮಲಗಿರುವುದೇ ಮೇಲು.

ಒಂದೇ ಒಂದು ಮಳೆ ಬಂದರೂ ಸಾಲದು. ಶರತ್ಕಾಲದಲ್ಲಿ ಒಂದು ಒಳ್ಳೆ ಮಳೆ, ಆಮೇಲೆ ಚಳಿಗಾಲದುದ್ದಕ್ಕೂ ಬಿಟ್ಟು ಬಿಟ್ಟು ಸಣ್ಣ ಮಳೆ, ನಂತರ ಹದವಾದ ಬಿಸಿಲು, ಜೊತೆಗೆ ಒಣ ಗಾಳಿ ಜೋರಾಗಿ ಬೀಸದೆ ಇರಬೇಕು. ಇಷ್ಟೂ ಕೂಡಿ ಬರುವುದು ಅಪರೂಪ. ಬೊರೇಗೊ ಕಡೆ ವರ್ಷಕ್ಕೆ ಬೀಳುವುದೇ 5–6 ಇಂಚು. ಇದೇ ರಾಜ್ಯದ ಇನ್ನೊಂದು ಮರುಭೂಮಿ ಡೆತ್ ವ್ಯಾಲಿಯಲ್ಲಿ ಸುಮಾರು 2 ಇಂಚು. ಹಾಗಾಗಿಯೇ ಡೆತ್ ವ್ಯಾಲಿಯಲ್ಲಿ ಜನ ನೆನಪಿಟ್ಟುಕೊಂಡು ಹೇಳುವ ಹೂವಿನ ವರ್ಷಗಳು 1998, 2005, 2016 ಅಂತ ಬೆರಳೆಣಿಕೆಯಷ್ಟು. ಬೊರೇಗೊದಲ್ಲಿ 2017 ಮತ್ತು 2019 ಜೋರಾಗಿದ್ದವು. ಇಂಥ ವರ್ಷಕ್ಕೆ ‘ಸೂಪರ್‌ಬ್ಲೂಮ್’ ಅನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಆ ಪದಕ್ಕೆ ಅಳತೆಗೋಲು ಏನಿಲ್ಲ, ಪತ್ರಿಕೆಗಳಿಗೆ ಇಷ್ಟವಾದ ಪದ ಅಷ್ಟೆ.

ನೀವು ಮಾಡಬೇಕಾದ್ದು ಇಷ್ಟು. ಅಕ್ಟೋಬರ್‌ನಿಂದ ಜನವರಿಯವರೆಗೆ ಬೊರೇಗೊ ಸ್ಪ್ರಿಂಗ್ಸ್ ಊರಿನ ಮಳೆ ಲೆಕ್ಕವನ್ನು ತಿಂಗಳಿಗೊಮ್ಮೆ ನೋಡಿ. ಜನವರಿ ಕೊನೆಗೆ ಎರಡು ಮೂರು ಒಳ್ಳೆ ಮಳೆ ಆಗಿದ್ದರೆ ಆಸೆ ಇಟ್ಟುಕೊಳ್ಳಿ. ಒಂದೂ ಆಗಿಲ್ಲವಾ? ಆಗಲೂ ಹೋಗಬಹುದು, ಆದರೆ ಬೇರೆ ಲೆಕ್ಕದಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯದು: ಯಾವ ಮರುಭೂಮಿ?

ನಾಲ್ಕು ಜಾಗ ಹೇಳುತ್ತೇನೆ. ನನ್ನ ಪಕ್ಷಪಾತ ಮೊದಲನೆಯದರ ಕಡೆ.

ಆನ್ಜಾ-ಬೊರೇಗೊ ಡೆಸರ್ಟ್ ಸ್ಟೇಟ್ ಪಾರ್ಕ್ ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಸ್ಟೇಟ್ ಪಾರ್ಕ್. 6 ಲಕ್ಷ ಎಕರೆಗೂ ಜಾಸ್ತಿ. 1774ರಲ್ಲಿ ಈ ದಾರಿಯಲ್ಲಿ ಬಂದ ಹುವಾನ್ ಬೌಟಿಸ್ಟಾ ಡೆ ಆನ್ಜಾ ಅನ್ನುವ ಸ್ಪ್ಯಾನಿಷ್ ಸೇನಾನಿಯ ಹೆಸರಿಗೆ, ಕುರಿ ಅನ್ನುವ ಅರ್ಥದ ಸ್ಪ್ಯಾನಿಷ್ ಪದ ‘ಬೊರೇಗೊ’ ಸೇರಿಸಿ ಪಾರ್ಕಿಗೆ ಹೆಸರಿಟ್ಟಿದ್ದಾರೆ. ಕುರಿ ಅಂದರೆ ಬಂಡೆಗಳ ಮೇಲೆ ಓಡಾಡುವ, ಸುರುಳಿ ಕೊಂಬಿನ ಬಿಗ್‌ಹಾರ್ನ್ ಕಾಡುಕುರಿ. ನಡುವೆ ಬೊರೇಗೊ ಸ್ಪ್ರಿಂಗ್ಸ್ ಅನ್ನುವ ಪುಟ್ಟ ಊರು. ಇಡೀ ಊರಿಗೆ ಒಂದೂ ಟ್ರಾಫಿಕ್ ಲೈಟ್ ಇಲ್ಲ. ಪಾರ್ಕಿಗೆ ಗೇಟೂ ಇಲ್ಲ, ರಸ್ತೆಗಳು ಅದರೊಳಗೇ ಹಾದು ಹೋಗುತ್ತವೆ. ಹಾಸುಹೂ, ಕಳ್ಳಿ, ತಾಳೆ ತೋಪು ಎಲ್ಲ ಒಂದೇ ದಿನದಲ್ಲಿ ಕಾಣಬಹುದು. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಸ್ಯಾನ್ ಡಿಯೇಗೊದಿಂದ ಸುಮಾರು ಎರಡು ಗಂಟೆ ದಾರಿ.

ಡೆತ್ ವ್ಯಾಲಿ ಬೇರೆಯದೇ ಮಾತು. ಅಲ್ಲಿನ ಬ್ಯಾಡ್‌ವಾಟರ್ ತಗ್ಗು ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿದೆ. 1913ರ ಜುಲೈ 10ರಂದು ಇಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ಜಗತ್ತಿನ ದಾಖಲೆ. ಒಳ್ಳೆ ವರ್ಷದಲ್ಲಿ ಬ್ಯಾಡ್‌ವಾಟರ್ ರಸ್ತೆಯ ದಕ್ಷಿಣ ತುದಿ, ಆಶ್‌ಫರ್ಡ್ ಮಿಲ್ ಹತ್ತಿರ, ಹಳದಿ ಹೂ ಕಣ್ಣು ಮುಟ್ಟುವಷ್ಟು ದೂರ ಹಾಸಿರುತ್ತದೆ. ಕೆಟ್ಟ ವರ್ಷದಲ್ಲಿ ಏನೂ ಇರುವುದಿಲ್ಲ. ದೂರ ಜಾಸ್ತಿ, ಉಳಿಯಲು ಜಾಗ ಕಡಿಮೆ. ಲಾಸ್ ವೇಗಸ್ ಕಡೆಯಿಂದ ಬರುವವರಿಗೆ ಹತ್ತಿರ. ಸುದ್ದಿ ಖಚಿತವಾದ ಮೇಲೆ ಮಾತ್ರ ಹೋಗಿ.

ಆಂಟೆಲೋಪ್ ವ್ಯಾಲಿ ಪಾಪಿ ರಿಸರ್ವ್ ಇರುವುದು ಲ್ಯಾಂಕಾಸ್ಟರ್ ಊರಿನ ಹತ್ತಿರ, ಮೊಹಾವೆ ಮರುಭೂಮಿಯ ಅಂಚಿನಲ್ಲಿ. 1903ರಲ್ಲಿ ರಾಜ್ಯದ ಹೂವಾದ ಕಿತ್ತಳೆ ಬಣ್ಣದ ಪಾಪಿ ಹೂ ಇಲ್ಲಿ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಅರಳುತ್ತದೆ. ಈ ಹೂ ಸ್ವಲ್ಪ ಸಿಡುಕು. ಮೋಡ ಕವಿದರೆ, ಚಳಿಯಾದರೆ, ಗಾಳಿ ಬೀಸಿದರೆ ಎಸಳು ಮುಚ್ಚಿಕೊಂಡುಬಿಡುತ್ತದೆ. ಬಿಸಿಲಿರುವ, ಗಾಳಿ ಕಡಿಮೆ ಇರುವ ದಿನ, ಬೆಳಿಗ್ಗೆ ಹತ್ತರ ನಂತರ ಹೋಗಬೇಕು.

ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ ಹೂವಿನ ಹಾಸಿಗಾಗಿ ಹೋಗಬೇಡಿ, ಅದಕ್ಕೆ ಹೆಸರು ಕೊಟ್ಟ ಜೋಶುವಾ ಮರಕ್ಕಾಗಿ ಹೋಗಿ. ಅದರ ಕೆನೆ ಬಣ್ಣದ ಹೂಗೊಂಚಲಿಗೆ ಪರಾಗಸ್ಪರ್ಶ ಮಾಡುವುದು ಯುಕ್ಕಾ ಪತಂಗ ಮಾತ್ರ. ಹೆಣ್ಣು ಪತಂಗ ಪರಾಗವನ್ನು ಉಂಡೆ ಕಟ್ಟಿಕೊಂಡು ಬಂದು, ಹೂವಿನೊಳಗೆ ಮೊಟ್ಟೆ ಇಟ್ಟು, ಪರಾಗವನ್ನು ತಾನೇ ಒತ್ತಿ ಹೋಗುತ್ತದೆ. ಮರಿಗಳು ಒಂದಷ್ಟು ಬೀಜ ತಿನ್ನುತ್ತವೆ, ಉಳಿದದ್ದು ಮರಕ್ಕೆ. ಬಾಡಿಗೆ ಲೆಕ್ಕ ಚುಕ್ತಾ.

ಇನ್ನು ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಬೊರೇಗೊ ಬಗ್ಗೆ.

ಮೂರನೆಯದು: ಫೆಬ್ರವರಿಯಿಂದ ಸುದ್ದಿ ಕೇಳುತ್ತಿರಿ

ಒಂದು ಕಾಲದಲ್ಲಿ ಜನ ತಮ್ಮದೇ ವಿಳಾಸ ಬರೆದ ಕಾರ್ಡನ್ನು ಬೊರೇಗೊ ಪಾರ್ಕಿಗೆ ಕಳಿಸಿಡುತ್ತಿದ್ದರು. ಹೂ ಅರಳುವ ಹೊತ್ತು ಹತ್ತಿರ ಬಂದಾಗ ಪಾರ್ಕಿನವರು ಆ ಕಾರ್ಡನ್ನು ಅಂಚೆಗೆ ಹಾಕುತ್ತಿದ್ದರು. ಎಷ್ಟು ಚೆಂದದ ವ್ಯವಸ್ಥೆ ಅಲ್ವಾ? ಈಗ ಫೋನಿನಲ್ಲೇ ಎಲ್ಲ ಸಿಗುತ್ತದೆ.

ನಾನು ನಂಬುವುದು ಮೂರನ್ನು. ಪಾರ್ಕಿನವರೇ ಕೊಡುವ ಹೂವಿನ ವರದಿ ಮೊದಲನೆಯದು. ಥಿಯೊಡೋರ್ ಪೇನ್ ಫೌಂಡೇಶನ್ ಅನ್ನುವ ಸಂಸ್ಥೆಯ ಕಾಡುಹೂ ಹಾಟ್‌ಲೈನ್ ಎರಡನೆಯದು. 1983ರಿಂದ ನಡೆಯುತ್ತಿದೆ, ವಸಂತದಲ್ಲಿ ಪ್ರತಿ ಶುಕ್ರವಾರ ಹೊಸ ಸುದ್ದಿ ಹಾಕುತ್ತಾರೆ. ಮೂರನೆಯದು ಐ-ನ್ಯಾಚುರಲಿಸ್ಟ್ ಆ್ಯಪ್. ಅದರಲ್ಲಿ ಬೊರೇಗೊ ನಕ್ಷೆ ತೆರೆದು, ಕಳೆದ ಏಳು ದಿನ ಅಂತ ಆರಿಸಿಕೊಳ್ಳಿ. ಯಾವ ಹೂ ಎಲ್ಲಿ ಅರಳಿದೆ ಅಂತ ಜನ ಹಾಕಿದ ಫೋಟೊಗಳು ತಾರೀಕಿನ ಸಮೇತ ಬರುತ್ತವೆ.

ಇನ್‌ಸ್ಟಾಗ್ರಾಂ ಚಿತ್ರ ನೋಡಿ ಮಾತ್ರ ಹೊರಡಬೇಡಿ. ಅದು ಎರಡು ವಾರ ಹಳೆಯದಿರಬಹುದು, ಎರಡು ವರ್ಷ ಹಳೆಯದೂ ಇರಬಹುದು. ಕಣಿವೆಯ ತಳದಲ್ಲಿ ಹೂ ತುಂಬಿರುವುದು ಎರಡು ಮೂರು ವಾರ ಅಷ್ಟೆ. ನಡುವೆ ಒಂದು ಬಿಸಿಗಾಳಿ ಬೀಸಿದರೆ ಅದೂ ಇಲ್ಲ.

ಮೊದಲು ಅರಳುವುದು ತಗ್ಗಿನ ಜಾಗ. ಆಮೇಲೆ ಹೂವು ಗುಡ್ಡ ಹತ್ತುತ್ತಾ ಹೋಗುತ್ತದೆ. ಬೊರೇಗೊ ಕಣಿವೆಯ ತಳದಲ್ಲಿ ಸಾಮಾನ್ಯವಾಗಿ ಫೆಬ್ರವರಿ ಕೊನೆ, ಮಾರ್ಚ್. ತಳದಲ್ಲಿ ಮುಗಿದ ಮೇಲೆ 78ನೇ ಹೆದ್ದಾರಿ ಬದಿಯ ಪ್ಲಮ್ ಕ್ಯಾನ್ಯನ್ ಥರದ ಎತ್ತರದ ಜಾಗಗಳನ್ನು ನೋಡಿ. ಡೆತ್ ವ್ಯಾಲಿಯಲ್ಲೂ ಇದೇ ಲೆಕ್ಕ. ತಳದಲ್ಲಿ ಫೆಬ್ರವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ, 3,000–5,000 ಅಡಿ ಎತ್ತರದಲ್ಲಿ ಏಪ್ರಿಲ್ ಮೊದಲಿನಿಂದ ಮೇ ಮೊದಲವರೆಗೆ. ತಡವಾಯಿತು ಅನ್ನಿಸಿದರೆ ಮೇಲೆ ಹತ್ತಿ. ನನ್ನ ಪಂಜರದ ಪ್ರವಾಸದಲ್ಲಿ ಈ ಒಂದು ವಿಷಯ ಗೊತ್ತಿದ್ದರೆ ಸಾಕಿತ್ತು.

ನಾಲ್ಕನೆಯದು: ದಿನ, ಜಾಗ, ಗಾಡಿ

ಆಗುವುದಾದರೆ ವಾರದ ನಡುವೆ ಹೋಗಿ. 2017ರ ಮಾರ್ಚ್‌ನಲ್ಲಿ ಬೊರೇಗೊಗೆ ಎಷ್ಟು ಜನ ನುಗ್ಗಿದರು ಅಂದರೆ ಗಂಟೆಗಟ್ಟಲೆ ಟ್ರಾಫಿಕ್, ಹೋಟೆಲುಗಳಲ್ಲಿ ಊಟ ಖಾಲಿ. ಶನಿವಾರವೇ ಹೋಗಬೇಕಾದರೆ ಏಳು ಗಂಟೆಯೊಳಗೆ ಅಲ್ಲಿರಿ, ಊಟ ಕಟ್ಟಿಕೊಂಡು ಹೋಗಿ.

ಉಳಿಯಲು ಊರಲ್ಲಿ ಕೆಲವು ಹೋಟೆಲುಗಳಿವೆ, ಹೂವಿನ ಕಾಲದಲ್ಲಿ ಬೇಗ ತುಂಬುತ್ತವೆ. ಆರು ತಿಂಗಳು ಮೊದಲೇ ಕಾಯ್ದಿರಿಸಿದರೆ ಹೂವಿನ ದಿನ ತಪ್ಪಬಹುದು, ಕೊನೆಗೆ ಹುಡುಕಿದರೆ ಕೋಣೆ ಸಿಗದಿರಬಹುದು. ನಾನು ಮಾರ್ಚ್ ಎರಡನೇ ವಾರಕ್ಕೆ, ರದ್ದು ಮಾಡಿದರೆ ಹಣ ವಾಪಸ್ ಕೊಡುವ ಕೋಣೆಯನ್ನೇ ಹಿಡಿದಿಡುತ್ತೇನೆ. ಇನ್ನೊಂದು ದಾರಿ, ಗುಡ್ಡದ ಮೇಲಿನ ಜೂಲಿಯನ್ ಊರು. ಅದು 4,000 ಅಡಿಗೂ ಎತ್ತರದಲ್ಲಿದೆ, ರಾತ್ರಿ ಚೆನ್ನಾಗಿ ಚಳಿ. ಅಲ್ಲಿಂದ ಕೆಳಗಿಳಿಯಲು ಮುಕ್ಕಾಲು ಗಂಟೆ ಬೇಕು.

ಟೆಂಟ್ ಹಾಕುವ ಅಭ್ಯಾಸ ಇದ್ದರೆ ಬೊರೇಗೊ ನಿಮಗೆ ಸ್ವರ್ಗ. ಇಲ್ಲಿ ಕ್ಯಾಂಪ್‌ಗ್ರೌಂಡ್ ಬಿಟ್ಟು ಹೊರಗೂ ಮಲಗಲು ಬಿಡುತ್ತಾರೆ, ದುಡ್ಡಿಲ್ಲ. ಗಾಡಿ ರಸ್ತೆಯಿಂದ ಒಂದು ಗಾಡಿಯುದ್ದಕ್ಕಿಂತ ದೂರ ಹೋಗಬಾರದು, ನೀರಿನ ಸೆಲೆಯ ಹತ್ತಿರ ಮಲಗಬಾರದು, ಬೆಂಕಿ ಹಾಕಿದರೆ ಲೋಹದ ಪಾತ್ರೆಯಲ್ಲೇ ಹಾಕಬೇಕು. ಬೂದಿಯನ್ನೂ ವಾಪಸ್ ತರಬೇಕು.

ಹೂ ನೋಡಲು ಸಾಮಾನ್ಯ ಕಾರು ಸಾಕು. ಒಳ್ಳೆ ಜಾಗಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಾಂಬರು ರಸ್ತೆ ಬದಿಯಲ್ಲೇ ಇವೆ. ಆದರೆ ಮರಳು ದಾರಿಗೆ ಸಾಮಾನ್ಯ ಕಾರು ಇಳಿಸಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಮ್ಮೆ ‘ಇನ್ನೊಂದು ನೂರು ಅಡಿ’ ಅಂತ ಒಣ ಹಳ್ಳವೊಂದಕ್ಕೆ ಕಾರು ಇಳಿಸಿದೆ. ಚಕ್ರ ಹೂತಾಗ ಆಕ್ಸಿಲರೇಟರ್ ಒತ್ತಿದೆ. ಕಾರು ಮುಂದಕ್ಕೆ ಹೋಗಲಿಲ್ಲ, ಕೆಳಕ್ಕೆ ಹೋಯಿತು. ಜೀಪಿನಲ್ಲಿ ಬಂದ ದಂಪತಿ ಇಳಿದು ನೋಡಿ, ಮೊದಲು ಎಂಜಿನ್ ಆಫ್ ಮಾಡು ಅಂದರು. ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ತೋಡಿಸಿದರು. ಟೈರಿನ ಗಾಳಿ 20ಕ್ಕೆ ಇಳಿಸಿದರು. ಕಾರಿನೊಳಗಿನ ಮ್ಯಾಟುಗಳನ್ನು ಚಕ್ರದ ಕೆಳಗೆ ತುರುಕಿ, ನಿಧಾನಕ್ಕೆ ಹಿಂದಕ್ಕೆ ಬಿಡು ಅಂದರು. ಬಂತು. ಮ್ಯಾಟು ಹರಿಯಿತು, ಮಾನ ಉಳಿಯಿತು. ಬಾಡಿಗೆ ಕಾರಾದರೆ ಇನ್ನೊಂದು ತೊಂದರೆ. ಡಾಂಬರು ಬಿಟ್ಟು ಓಡಿಸಿದರೆ ವಿಮೆ ನಡೆಯುವುದಿಲ್ಲ ಅಂತ ಅನೇಕ ಒಪ್ಪಂದಗಳಲ್ಲೇ ಬರೆದಿರುತ್ತದೆ.

ಹೊರಡುವ ಮುನ್ನ ಪೆಟ್ರೋಲ್ ಟ್ಯಾಂಕ್ ತುಂಬಿಸಿ. ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ, ಊರು ದಾಟಿದರೆ ಸಿಗ್ನಲ್ ಬರುವುದೇ ಅನುಮಾನ. ಜಿಪಿಎಸ್ ತೋರಿಸಿದ ಕಚ್ಚಾ ರಸ್ತೆಯನ್ನು ಕಣ್ಣು ಮುಚ್ಚಿ ನಂಬಬೇಡಿ, ಮುಖ್ಯವಾಗಿ ಡೆತ್ ವ್ಯಾಲಿಯಲ್ಲಿ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ಅಲ್ಲಿನ ರಸ್ತೆಗಳು ಕೊಚ್ಚಿ ಹೋಗಿ, ಪಾರ್ಕು ಅಕ್ಟೋಬರ್ 15ರವರೆಗೆ ಮುಚ್ಚಿತ್ತು. ಯಾವ ರಸ್ತೆ ತೆರೆದಿದೆ ಅಂತ ಹೋಗುವ ದಿನವೇ ಪಾರ್ಕಿನ ವೆಬ್‌ಸೈಟಿನಲ್ಲಿ ನೋಡಿ.

ಐದನೆಯದು: ಚೀಲದಲ್ಲಿ ಏನಿರಬೇಕು

ನೀರು. ಒಬ್ಬರಿಗೆ ದಿನಕ್ಕೆ 1 ಗ್ಯಾಲನ್, ಅಂದರೆ ಸುಮಾರು 4 ಲೀಟರ್. ಮಾರ್ಚ್‌ನಲ್ಲಿ ಹಗಲು 25–30 ಡಿಗ್ರಿ ಅಷ್ಟೆ ಇರುತ್ತದೆ, ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಹಾಗಾಗಿ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಕಾರಿನಲ್ಲಿ ಇನ್ನೊಂದು ಕ್ಯಾನ್ ಇರಲಿ.

ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ಮುಚ್ಚಿದ ಶೂ. ಬೆಳಗ್ಗೆ, ಸಂಜೆಗೆ ಒಂದು ಜಾಕೆಟ್. ಚಪ್ಪಲಿ ಬೇಡವೇ ಬೇಡ. ಜೊತೆಗೆ ಒಂದು ಹಳೆಯ ಬಾಚಣಿಗೆ. ನಗಬೇಡಿ. ಚೋಯಾ ಅನ್ನುವ ಕಳ್ಳಿ ಇದೆ, ದೂರದಿಂದ ಮಕ್ಕಳ ಕರಡಿ ಬೊಂಬೆಯ ಹಾಗೆ ಮೆತ್ತಗೆ ಕಾಣುತ್ತದೆ. ಅದರ ತುಂಡುಗಳು ಸ್ವಲ್ಪ ತಾಗಿದರೂ ಕಳಚಿಕೊಂಡು ಮೈಗೆ ಅಂಟುತ್ತವೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆ. ಕೈಯಿಂದ ಕೀಳಲು ಹೋದರೆ ಕೈಗೂ ಅಂಟುತ್ತದೆ. ಬಾಚಣಿಗೆಯನ್ನು ಚರ್ಮ ಮತ್ತು ತುಂಡಿನ ನಡುವೆ ತೂರಿಸಿ, ಒಮ್ಮೆಲೆ ದೂರಕ್ಕೆ ಚಿಮ್ಮಿಸಬೇಕು. ಎದುರಿಗೆ ಯಾರೂ ನಿಂತಿಲ್ಲ ಅಂತ ನೋಡಿಕೊಂಡು. ಉಳಿದ ಮುಳ್ಳಿಗೆ ಚಿಮಟ ಬೇಕು.

ಒಂದು ಭೂತಗನ್ನಡಿ ಇದ್ದರೆ ತನ್ನಿ. ಯಾಕೆ ಅಂತ ಈಗ ಹೇಳುತ್ತೇನೆ.

ಆರನೆಯದು: ಒಂದು ದಿನದ ಓಟ

ಮಾರ್ಚ್ ನಡುವಿನಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮೊದಲು. ಆ ಹೊತ್ತಿಗೆ ಊರಿನ ಉತ್ತರಕ್ಕಿರುವ ಹೆಂಡರ್ಸನ್ ಕ್ಯಾನ್ಯನ್ ರಸ್ತೆಯಲ್ಲಿರಿ, ಅಥವಾ ಡಿ ಜಾರ್ಜಿಯೊ ರಸ್ತೆಯ ಡಾಂಬರು ಮುಗಿಯುವ ತುದಿಯಲ್ಲಿ. ಪ್ರಿಮ್‌ರೋಸ್ ಸಂಜೆ ಅರಳಿ, ರಾತ್ರಿ ಪತಂಗಗಳಿಗೆ ಕಾಯುವ ಹೂ. ಬೆಳಗ್ಗೆ ಬಿಸಿಲೇರಿದರೆ ಮುದುಡಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಗೈಯಗಲದ ಬಿಳಿ ಹೂ, ತೆಳ್ಳಗೆ, ನೆನೆದ ಕಾಗದದ ಹಾಗೆ. ಅದರ ಸುತ್ತ ನೆಲಕ್ಕೆ ಹಬ್ಬಿಕೊಂಡ ಸ್ಯಾಂಡ್ ವರ್ಬೀನಾದ ನೇರಳೆ ಗೊಂಚಲುಗಳು. ಮೇಲೆ ಮೊಣಕಾಲೆತ್ತರದಲ್ಲಿ ಡೆಸರ್ಟ್ ಸನ್‌ಫ್ಲವರ್, ಪೂರ್ತಿ ಹಳದಿ. ಈ ಮೂರು ಸೇರಿದ್ದೇ ಆ ಪ್ರಸಿದ್ಧ ಫೋಟೊಗಳ ಹಾಸು.

ಇಲ್ಲಿ ಜನ ಮಾಡುವ ತಪ್ಪು ಒಂದೇ. ನಿಂತು ಫೋಟೊ ತೆಗೆದು ಮುಂದೆ ಹೋಗಿಬಿಡುತ್ತಾರೆ. ನೀವು ಬರಿ ಮರಳಿರುವ ಜಾಗ ನೋಡಿ ಕೂತುಕೊಳ್ಳಿ. ಆಮೇಲೆ ಮಲಗಿ. ಹೊಟ್ಟೆ ಮೇಲೆ ಮಲಗಿದರೆ ಮಾತ್ರ ಕಾಣುವ ಹೂಗಳಿಗೆ ಅಲ್ಲಿನವರು ‘ಹೊಟ್ಟೆ ಹೂ’ ಅಂತಲೇ ಹೆಸರಿಟ್ಟಿದ್ದಾರೆ. ಪರ್ಪಲ್ ಮ್ಯಾಟ್ ಅನ್ನುವುದು ನಾಣ್ಯದಷ್ಟು ದೊಡ್ಡ ಗಿಡ, ಅದರಲ್ಲಿ ಮೂಗುತಿಯಷ್ಟು ಹೂ. ಡೆಸರ್ಟ್ ಸ್ಟಾರ್ ಪುಟಾಣಿ ಸೇವಂತಿಗೆಯ ಹಾಗೆ ನೆಲಕ್ಕೇ ಅಂಟಿಕೊಂಡಿರುತ್ತದೆ. ಭೂತಗನ್ನಡಿ ಇದಕ್ಕೆ. ಸೂಪರ್‌ಬ್ಲೂಮ್ ಇಲ್ಲದ ವರ್ಷಗಳಲ್ಲೂ ಇವು ಅಲ್ಲಲ್ಲಿ ಇರುತ್ತವೆ, ಯಾರೂ ನೋಡುವುದಿಲ್ಲ ಅಷ್ಟೆ.

ಡೆಸರ್ಟ್ ಲಿಲ್ಲಿಯನ್ನು ಹುಡುಕಿ ನೋಡಬೇಕು. ಊರಿನ ಪೂರ್ವಕ್ಕೆ ಎಸ್-22 ರಸ್ತೆಯಲ್ಲಿ ಆರೊಯೊ ಸಲಾಡೊ ಕಡೆ ಸಿಗುತ್ತದೆ. ಅಂಚು ಅಲೆ ಅಲೆಯಾದ ನೀಲಿ ಹಸಿರು ಎಲೆ, ಮಧ್ಯದಿಂದ ಎದ್ದ ಕಡ್ಡಿಯಲ್ಲಿ ಬಿಳಿ ತುತ್ತೂರಿ. ಗಡ್ಡೆ ಮರಳಿನ ಆಳದಲ್ಲಿರುತ್ತದೆ. ಸ್ಪ್ಯಾನಿಷರು ಇದನ್ನು ‘ಆಹೊ’, ಅಂದರೆ ಬೆಳ್ಳುಳ್ಳಿ ಅಂತ ಕರೆದರು.

ಬಿಸಿಲು ಏರುವ ಮೊದಲು, ಒಂಬತ್ತರ ಹೊತ್ತಿಗೆ ಬೊರೇಗೊ ಪಾಮ್ ಕ್ಯಾನ್ಯನ್ ಹತ್ತಿ. ಕ್ಯಾಂಪ್‌ಗ್ರೌಂಡ್ ಒಳಗಿಂದ ದಾರಿ ಶುರು, ಅಲ್ಲಿ ಗಾಡಿಗೆ ದಿನದ ಶುಲ್ಕ ಇದೆ. ಹೋಗಿ ಬರಲು ಒಟ್ಟು 3 ಮೈಲಿ. ಬಂಡೆಗಳ ನಡುವೆ ಬ್ರಿಟಲ್‌ಬುಶ್ ಪೊದೆಗಳ ಹಳದಿ, ಚುಪರೋಸಾ ಪೊದೆಯ ಕೆಂಪು, ಅದಕ್ಕೆ ಮುತ್ತುವ ಹಮ್ಮಿಂಗ್‌ಬರ್ಡ್. ಕೊನೆಗೆ ಕ್ಯಾಲಿಫೋರ್ನಿಯಾ ಫ್ಯಾನ್ ಪಾಮ್ ತಾಳೆಗಳ ತೋಪು, ಒಳ್ಳೆ ವರ್ಷದಲ್ಲಿ ಹರಿಯುವ ನೀರು. ದಾರಿಯಲ್ಲಿ ಇಳಿಜಾರುಗಳನ್ನು ನೋಡುತ್ತಾ ಹೋಗಿ. ಕಲ್ಲು ಉರುಳಿದ ಸದ್ದಾದರೆ ನಿಲ್ಲಿ, ಬಿಗ್‌ಹಾರ್ನ್ ಇರಬಹುದು. ಇಲ್ಲಿನ ಈ ಕುರಿಗಳು 1998ರಿಂದ ಅಮೆರಿಕದ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿವೆ. ಬಣ್ಣ ಪೂರ್ತಿ ಬಂಡೆಯದ್ದೇ, ಅಲುಗದಿದ್ದರೆ ಕಾಣುವುದಿಲ್ಲ.

ಈ ಕಣಿವೆಯಲ್ಲಿ 2004ರ ಸೆಪ್ಟೆಂಬರ್‌ನಲ್ಲಿ ದಿಢೀರ್ ಪ್ರವಾಹ ಬಂದು ತಾಳೆ ಮರಗಳನ್ನೇ ಕಿತ್ತು ತಂದಿತ್ತು. ದೂರದ ಬೆಟ್ಟದ ಮೇಲೆ ಮಳೆ ಕಪ್ಪುಗಟ್ಟಿದ್ದರೆ ಕಣಿವೆಗೆ, ಒಣ ಹಳ್ಳಕ್ಕೆ ಇಳಿಯಬೇಡಿ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಇಳಿಯಬೇಡಿ.

ಮಧ್ಯಾಹ್ನ ವಿಸಿಟರ್ ಸೆಂಟರ್. ಅದನ್ನು ನೆಲದೊಳಗೆ ಕಟ್ಟಿ, ಮೇಲೆ ಮರುಭೂಮಿಯ ಗಿಡ ಬೆಳೆಸಿದ್ದಾರೆ, ಎದುರಿಗೆ ನಿಂತರೂ ಕಟ್ಟಡ ಕಾಣದು. ಇವತ್ತು ಎಲ್ಲಿ ಹೂ ಇದೆ ಅಂತ ಅಲ್ಲಿ ಕೇಳಿ, ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳಿ. ನಾನಾದರೆ ಬೆಳಗ್ಗೆಯ ಯೋಜನೆಯನ್ನು ಇಲ್ಲಿ ಅರ್ಧ ಬದಲಾಯಿಸುತ್ತೇನೆ.

ಸಂಜೆಗೆ ಊರಿನ ಸುತ್ತ ಬಯಲಲ್ಲಿ ನಿಂತ ಲೋಹದ ಪ್ರಾಣಿಗಳನ್ನು ನೋಡಬಹುದು. ಕಲಾವಿದ ರಿಕಾರ್ಡೊ ಬ್ರೆಸೇಡಾ ಮಾಡಿದ 130ಕ್ಕೂ ಹೆಚ್ಚು ಶಿಲ್ಪಗಳಿವೆ. ಅದರಲ್ಲೊಂದು ರಸ್ತೆಯ ಈ ಬದಿ ಮುಳುಗಿ ಆ ಬದಿ ಏಳುವ ದೊಡ್ಡ ಸರ್ಪ. ಮಕ್ಕಳು ಜೊತೆಗಿದ್ದರೆ ಬಿಡಲೇಬೇಡಿ. ಫೋರ್-ವ್ಹೀಲ್ ಗಾಡಿ ಇದ್ದವರು ಫಾಂಟ್ಸ್ ಪಾಯಿಂಟ್‌ಗೆ ಹೋಗಿ ಸೂರ್ಯಾಸ್ತ ನೋಡುತ್ತಾರೆ. ಅಲ್ಲಿಂದ ಕೆಳಗೆ ಸುಕ್ಕುಗಟ್ಟಿದ ಮಣ್ಣಿನ ಗುಡ್ಡಗಳು ಬೆಳಕು ಇಳಿದ ಹಾಗೆ ಬಣ್ಣ ಬದಲಿಸುತ್ತವೆ. ಅದು ನಾಲ್ಕು ಮೈಲಿ ಮರಳು ದಾರಿ. ನನ್ನ ಮ್ಯಾಟಿನ ಕಥೆ ನೆನಪಿರಲಿ.

ರಾತ್ರಿ ಬೇಗ ಮಲಗಬೇಡಿ. ಬೊರೇಗೊ ಸ್ಪ್ರಿಂಗ್ಸ್ 2009ರಲ್ಲಿ ಅಂತಾರಾಷ್ಟ್ರೀಯ ಡಾರ್ಕ್ ಸ್ಕೈ ಊರು, ಅಂದರೆ ದೀಪದ ಬೆಳಕು ಕಡಿಮೆ ಮಾಡಿ ರಾತ್ರಿಯ ಆಕಾಶವನ್ನು ಕತ್ತಲಾಗಿಯೇ ಉಳಿಸಿಕೊಂಡ ಊರು ಅಂತ ಮಾನ್ಯತೆ ಪಡೆಯಿತು. ಅಮಾವಾಸ್ಯೆಯ ಹತ್ತಿರ ಹೋದರೆ ನಕ್ಷತ್ರ ಎಣಿಸುವ ಆಸೆಯೇ ಬಿಟ್ಟುಹೋಗುತ್ತದೆ.

ಹೂ ಬಾರದ ವರ್ಷ ಹೋದರೆ

ಹಾಸುಹೂ ಇಲ್ಲದಿದ್ದರೂ ಒಕೊಟಿಯೊ ಇರುತ್ತದೆ. ನೆಲದಿಂದ ಹತ್ತಾರು ಮುಳ್ಳು ಕೋಲುಗಳನ್ನು ಒಟ್ಟಿಗೆ ನೆಟ್ಟ ಹಾಗೆ ಕಾಣುವ ಗಿಡ. ಬೇರೆ ಹೊತ್ತಲ್ಲಿ ಸತ್ತೇ ಹೋಗಿದೆ ಅನ್ನಿಸುತ್ತದೆ. ಮಳೆ ಬಿದ್ದ ಕೆಲವೇ ದಿನದಲ್ಲಿ ಮೈತುಂಬ ಎಲೆ. ಒಣಗಿದರೆ ಉದುರಿಸುತ್ತದೆ, ಮತ್ತೆ ಮಳೆ ಬಂದರೆ ಮತ್ತೆ ಎಲೆ. ಮಳೆ ಕಮ್ಮಿಯಾದರೂ ವಸಂತದಲ್ಲಿ ಕೋಲಿನ ತುದಿಗೆ ಕೆಂಪು ಹೂ ಬಂದೇ ಬರುತ್ತದೆ. ಬೀವರ್‌ಟೇಲ್ ಅನ್ನುವ ಪಾಪಾಸುಕಳ್ಳಿ ಜಾತಿಯದ್ದೂ ಹಾಗೆಯೇ. ಬೂದು ಬಣ್ಣದ ಎಲೆಯಂಥ ತುಂಡಿನ ಅಂಚಿಗೆ ಕಣ್ಣು ಕುಕ್ಕುವ ಗುಲಾಬಿ ಹೂ. ಉದ್ದ ಮುಳ್ಳಿಲ್ಲ ಅಂತ ಮುಟ್ಟಬೇಡಿ, ಕೂದಲಿಗಿಂತ ಸಣ್ಣ ಮುಳ್ಳಿನ ಗೊಂಚಲುಗಳಿವೆ.

ಹಕ್ಕಿ ನೋಡುವವರಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇನ್ನೊಂದು ಹಬ್ಬ. ಚಳಿಗಾಲವನ್ನು ಅರ್ಜೆಂಟೀನಾದಲ್ಲಿ ಕಳೆದ ಸ್ವೇನ್ಸನ್ಸ್ ಗಿಡುಗಗಳು ಉತ್ತರಕ್ಕೆ ಹೋಗುವಾಗ ಬೊರೇಗೊ ಕಣಿವೆಯಲ್ಲಿ ಇಳಿಯುತ್ತವೆ. ಬೆಳಿಗ್ಗೆ ಅವು ಸುತ್ತು ಹಾಕುತ್ತಾ ಮೇಲೇರುವುದನ್ನು ಸ್ವಯಂಸೇವಕರು ಕೂತು ಎಣಿಸುತ್ತಾರೆ. ಹೂ ಹೆಚ್ಚಿದ ವರ್ಷ ಕಂಬಳಿಹುಳುಗಳೂ ಹೆಚ್ಚು. ಬೆರಳುದ್ದದ, ಬಾಲದಲ್ಲಿ ಕೊಂಬಿರುವ ಸ್ಫಿಂಕ್ಸ್ ಪತಂಗದ ಮರಿಗಳು ಸಾಲುಗಟ್ಟಿ ರಸ್ತೆ ದಾಟುತ್ತವೆ. ಗಿಡುಗಗಳಿಗೆ ಅದೇ ಬುತ್ತಿ. ತಮಾಷೆ ನೋಡಿ, ಇದೇ ಹುಳು ಪ್ರಿಮ್‌ರೋಸ್ ಗಿಡವನ್ನು ಮೇಯುತ್ತದೆ, ಪತಂಗವಾದ ಮೇಲೆ ಅದೇ ಹೂವಿಗೆ ರಾತ್ರಿ ಪರಾಗ ಹೊರುತ್ತದೆ. ರಸ್ತೆಯಲ್ಲಿ ಹುಳು ಕಂಡರೆ ಗಾಡಿ ನಿಧಾನ ಮಾಡಿ.

ಏಳನೆಯದು: ಮಾಡಬಾರದ್ದು

ಹೂ ಕೀಳಬಾರದು. ಪಾರ್ಕಿನಲ್ಲಿ ಒಂದು ಹೂ ಕೀಳುವುದೂ ಕಾನೂನಿಗೆ ವಿರುದ್ಧ. ಹೂವಿನ ನಡುವೆ ಮಲಗಿ, ಹೊರಳಿ ಫೋಟೊ ತೆಗೆಸಬೇಡಿ. ತುಳಿದ ಗಿಡ ಬೀಜ ಮಾಡುವುದಿಲ್ಲ, ಬೀಜ ಇಲ್ಲದಿದ್ದರೆ ಮುಂದಿನ ಮಳೆಗೆ ಅಲ್ಲಿ ಮೊಳೆಯಲು ಏನೂ ಇಲ್ಲ. ಒಬ್ಬರು ನಡೆದ ಗೆರೆ ನೋಡಿ ಹತ್ತು ಜನ ನಡೆಯುತ್ತಾರೆ. ಲೇಕ್ ಎಲ್ಸಿನೋರ್ ಊರಿನ ವಾಕರ್ ಕ್ಯಾನ್ಯನ್‌ಗೆ 2019ರಲ್ಲಿ ಜನ ಹೀಗೇ ಮುಗಿಬಿದ್ದರು. 2023ರಲ್ಲಿ ಹೂ ಮತ್ತೆ ಬಂದಾಗ ಊರಿನವರು ಕಣಿವೆಗೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟರು.

ಡ್ರೋನ್ ಹಾರಿಸುವಂತಿಲ್ಲ. ನಾಯಿಯನ್ನು ಬೊರೇಗೊದ ಕಾಲುದಾರಿಗಳಿಗೆ ಕರೆದೊಯ್ಯುವಂತಿಲ್ಲ, ಕ್ಯಾಂಪ್‌ಗ್ರೌಂಡ್ ಮತ್ತು ಗಾಡಿ ಓಡುವ ರಸ್ತೆಯಲ್ಲಿ ಮಾತ್ರ, ಅದೂ ಹಗ್ಗ ಹಾಕಿ. ಪಾಪಿ ರಿಸರ್ವ್‌ನಲ್ಲಿ ನಾಯಿಗೆ ಪ್ರವೇಶವೇ ಇಲ್ಲ. ಫಸೀಲಿಯಾ ಅನ್ನುವ ನೇರಳೆ ಹೂವಿನ ಗಿಡ ಮುಟ್ಟಿದರೆ ಕೆಲವರಿಗೆ ತುರಿಕೆ ಏಳುತ್ತದೆ. ಬಿಸಿಲು ಬಂದ ಹಾಗೆ ರ‍್ಯಾಟಲ್‌ಸ್ನೇಕ್ ಹಾವುಗಳೂ ಹೊರಗೆ ಬರುತ್ತವೆ. ಕಾಣದ ಜಾಗಕ್ಕೆ ಕೈ ಹಾಕಬೇಡಿ, ಕಾಲಿಡಬೇಡಿ. ಬಾಲದ ಗಿಲಕಿ ಸದ್ದು ಕೇಳಿದರೆ ಎಲ್ಲಿದೆ ಅಂತ ನೋಡಿಕೊಂಡು ಹಿಂದೆ ಸರಿಯಿರಿ. ಕಚ್ಚಿದರೆ ಕೊಯ್ಯುವುದು, ಹೀರುವುದು ಏನೂ ಬೇಡ. ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಕೊನೆಯದು: ಕಾರು ಹತ್ತುವ ಮೊದಲು

ರಸ್ತೆ ಬದಿಯಲ್ಲಿ ಸೊಂಟದೆತ್ತರ ಬೆಳೆದ, ಸಣ್ಣ ಮಾಸಲು ಹಳದಿ ಹೂವಿನ ಗಿಡವೊಂದನ್ನು ನೀವು ನೋಡೇ ನೋಡುತ್ತೀರಿ. ಅದು ಸಹಾರಾ ಮಸ್ಟರ್ಡ್, ಸಾಸಿವೆಯ ಬಳಗದ್ದು, ಹೊರಗಿನಿಂದ ಬಂದು ಬೇರೂರಿದ ಕಳೆ. ಮೊದಲ ಮಳೆಗೇ ಎದ್ದು, ನೀರನ್ನೆಲ್ಲ ಹೀರಿ, ಪ್ರಿಮ್‌ರೋಸ್ ಮೊಳೆಯುವ ಜಾಗವನ್ನು ಮುಚ್ಚಿಬಿಡುತ್ತದೆ. ಊರಿನ ಸ್ವಯಂಸೇವಕರು ಪ್ರತಿ ವರ್ಷ ಬಗ್ಗಿ ಬಗ್ಗಿ ಕಿತ್ತು ಹಾಕುತ್ತಾರೆ. ಅದರ ಬೀಜ ಒದ್ದೆಯಾದರೆ ಗೋಂದಿನ ಹಾಗೆ ಅಂಟುತ್ತದೆ. ಶೂ ತಳಕ್ಕೆ, ಟೈರಿಗೆ, ಸಾಕ್ಸಿಗೆ. ಹೊರಡುವಾಗ ಶೂ ಬಿಚ್ಚಿ ಒಂದಕ್ಕೊಂದು ಬಡಿದು, ತಳವನ್ನು ಕಡ್ಡಿಯಿಂದ ಕೆರೆದುಕೊಳ್ಳಿ. ಬಾಚಣಿಗೆ ಹೇಗೂ ಇದೆ, ಸಾಕ್ಸಿಗೂ ಒಂದು ಸಲ ಎಳೆದುಬಿಡಿ.